ನಾಲ್ಕು ಚಕ್ರವೂ ನಿಂತಿವೆ ಸಾರ್

ಗಸ್ತಿನ ಪೊಲೀಸ್ ಕಾರಿನ ಮುಖ್ಯ ಕೆಲಸ ಏನು? ಸಿನಿಮಾ ನೋಡಿದವರನ್ನು ಕೇಳಿದರೆ ಕಳ್ಳರನ್ನು ಬೆನ್ನಟ್ಟೋದು ಅನ್ನುತ್ತಾರೆ. ಆ ಕಾರಿನಲ್ಲೇ ದಿನಗಟ್ಟಲೆ ಕೂತವರನ್ನು ಕೇಳಿ. ನಿಲ್ಲೋದು ಅನ್ನುತ್ತಾರೆ. ಅಪಘಾತ ಆದ ಕಡೆ ದೀಪ ಮಿನುಗಿಸುತ್ತಾ ನಿಲ್ಲಬೇಕು. ವರದಿ ಟೈಪ್ ಮಾಡುವಾಗ ನಿಲ್ಲಬೇಕು. ಹೆದ್ದಾರಿ ಪಕ್ಕ ಪೊದೆ ಮರೆಯಲ್ಲಿ ಸ್ಪೀಡ್ ಗನ್ ಹಿಡಿದು ನಿಲ್ಲಬೇಕು. ಎಂಜಿನ್ ಮಾತ್ರ ಆಫ್ ಮಾಡುವ ಹಾಗಿಲ್ಲ. ರೇಡಿಯೊ, ಲ್ಯಾಪ್‌ಟಾಪ್, ನೆತ್ತಿಯ ಮೇಲಿನ ದೀಪ, ಹೀಟರು, ಎಲ್ಲವೂ ನಡೆಯಬೇಕಲ್ಲ.

ಇಂಥ ನಿಲ್ಲುವ ಕೆಲಸಕ್ಕೆ ಅಮೆರಿಕದ ಪೊಲೀಸ್ ಇಲಾಖೆಗಳು ಇಷ್ಟಪಟ್ಟು ಕೊಳ್ಳುತ್ತಿರುವುದು ಆಲ್ ವೀಲ್ ಡ್ರೈವ್ ಕಾರು. ಎಂಜಿನ್ನಿನ ಶಕ್ತಿ ನಾಲ್ಕೂ ಚಕ್ರಕ್ಕೆ ಹೋಗುತ್ತದೆ. ಅಂದರೆ ಕಾರು ನಿಂತಾಗ ಎರಡಲ್ಲ, ನಾಲ್ಕೂ ಚಕ್ರ ಪೂರ್ಣ ಸಾಮರ್ಥ್ಯದಿಂದ ನಿಲ್ಲುತ್ತವೆ.

ಹಿಂದೆ ಹೀಗಿರಲಿಲ್ಲ. ಫೋರ್ಡ್ ಕ್ರೌನ್ ವಿಕ್ಟೋರಿಯಾ ಅಂತ ಒಂದು ಕಾರಿತ್ತು. ಉದ್ದ ಮೂತಿ, 4.6 ಲೀಟರಿನ ವಿ8 ಎಂಜಿನ್. ಕಾರನ್ನು ತಳ್ಳುವ ಭಾರವೆಲ್ಲ ಹಿಂದಿನ ಎರಡು ಚಕ್ರದ ಮೇಲೆ. ಹಿಮ ಬಿದ್ದರೆ ಇಂಥ ಕಾರಿನ ಡಿಕ್ಕಿಯಲ್ಲಿ ಮರಳು ಮೂಟೆ ಹೇರಿಕೊಂಡು ಹೊರಡುವುದು ಹಳೇ ಉಪಾಯ. ಮರಳು ಮೂಟೆಗೆ ಬ್ರೋಷರ್ ಇರುವುದಿಲ್ಲ, ಸೇಲ್ಸ್‌ಮನ್ ಇರುವುದಿಲ್ಲ. ಹಾಗಾಗಿ ಅದಕ್ಕೆ ಭವಿಷ್ಯವೂ ಇರಲಿಲ್ಲ. 2011ರ ಸೆಪ್ಟೆಂಬರಿನಲ್ಲಿ ಕೆನಡಾದ ಸೇಂಟ್ ಥಾಮಸ್ ಕಾರ್ಖಾನೆಯಿಂದ ಕೊನೆಯ ಕ್ರೌನ್ ವಿಕ್ಟೋರಿಯಾ ಹೊರಬಂತು. ಅದರ ಹಿಂದೆಯೇ ಕಾರ್ಖಾನೆಯ ಬಾಗಿಲೂ ಮುಚ್ಚಿತು. 2013ರ ಮಾಡೆಲ್ ಆಗಿ ಎಕ್ಸ್‌ಪ್ಲೋರರ್ ಎಸ್‌ಯುವಿ ಪೊಲೀಸ್ ವೇಷ ಹಾಕಿಕೊಂಡು ಬಂತು. ಡಾಜ್ ಚಾರ್ಜರ್ ಕೂಡ ಆಲ್ ವೀಲ್ ಡ್ರೈವ್ ಕಲಿಯಿತು. 2020ರ ಮಾಡೆಲ್ ಹೊತ್ತಿಗೆ ಎಕ್ಸ್‌ಪ್ಲೋರರ್‌ನ ಪೊಲೀಸ್ ರೂಪದಲ್ಲಿ ಇದು ಕೇಳಿ ಪಡೆಯುವ ಸೌಲಭ್ಯ ಅಲ್ಲ, ಬೇಕೋ ಬೇಡವೋ ಜೊತೆಗೇ ಬರುವಂಥದ್ದು. ಫ್ಲೋರಿಡಾದ ಬಿಸಿಲಲ್ಲಿ ಬೆವರು ಒರೆಸಿಕೊಳ್ಳುತ್ತಿರುವ ಪೊಲೀಸರೂ ಈಗ ಹಿಮಕ್ಕೆ ಸಿದ್ಧ!

ಕಾರು ಆರಿಸುವ ಸಭೆ ಹೇಗಿರುತ್ತದೆ ಅಂತ ಸುಮ್ನೆ ಕೂತು ಊಹಿಸಿಕೊಂಡೆ.

"ಹಿಮದಲ್ಲಿ ಕಾರು ಜಾರುತ್ತೆ ಸಾರ್."

"ನಾಲ್ಕು ಚಕ್ರಕ್ಕೂ ಡ್ರೈವ್ ಇರೋದು ತಗೊಳ್ಳಿ."

"ಬ್ರೇಕ್ ಹಾಕಿದಾಗ ಜಾರುತ್ತೆ ಸಾರ್."

"ಅದಕ್ಕೇ ಹೇಳಿದ್ದು, ನಾಲ್ಕು ಚಕ್ರ!"

ಮೂಲೆಯಲ್ಲಿ ಕೂತ ಗ್ಯಾರೇಜಿನ ಮೆಕ್ಯಾನಿಕ್ ಗ್ರೀಸ್ ಮೆತ್ತಿದ ಕೈ ಎತ್ತುತ್ತಾನೆ. "ಬ್ರೇಕು ಎಲ್ಲಾ ಕಾರಲ್ಲೂ ನಾಲ್ಕು ಚಕ್ರಕ್ಕೇ ಇರುತ್ತೆ ಸಾರ್. ಹಿಮದಲ್ಲಿ ಕಾರು ನಿಲ್ಲಿಸೋದು ಟೈರು." ಸಭೆ ಒಂದು ಕ್ಷಣ ಮೌನವಾಗುತ್ತದೆ. ಇವನನ್ನು ಒಳಗೆ ಬಿಟ್ಟವರು ಯಾರು ಅಂತ ವಿಚಾರಣೆ ಶುರುವಾಗುತ್ತದೆ.

ಅವನು ಹೇಳಿದ್ದು ಇಷ್ಟೇ. ಆಲ್ ವೀಲ್ ಡ್ರೈವ್ ಕಾರನ್ನು ಹೊರಡಿಸುತ್ತದೆ, ನಿಲ್ಲಿಸುವುದಿಲ್ಲ. ನ್ಯಾಯವಾಗಿ ಹೇಳಬೇಕೆಂದರೆ ಹೊರಡಿಸುವುದೂ ಸಣ್ಣ ಉಪಕಾರ ಅಲ್ಲ. ಹಿಮ ತುಂಬಿದ ಏರುರಸ್ತೆಯ ಮೇಲಿನ ಮನೆಯಿಂದ ಯಾರೋ ಕಾಪಾಡಿ ಅಂತ ಫೋನ್ ಮಾಡಿದಾಗ ಹಿಂಚಕ್ರದ ಕಾರು ಬುಡದಲ್ಲೇ ಗಿರಗಿರ ತಿರುಗುತ್ತಿರುತ್ತದೆ. ಇದು ಹತ್ತಿಬಿಡುತ್ತದೆ. ಅಲ್ಲಿಗೆ ನನ್ನ ತಕರಾರಿಲ್ಲ. ತಕರಾರು ಇಳಿಯುವಾಗ ಶುರು. ಸಲೀಸಾಗಿ ಹತ್ತಿದ ಕಾರು ರಸ್ತೆ ಚೆನ್ನಾಗಿದೆ ಅಂತ ಡ್ರೈವರಿಗೆ ಭರವಸೆ ಕೊಟ್ಟಿರುತ್ತದೆ. ಕೆಂಪು ದೀಪ ಕಂಡಾಗ ಆ ಭರವಸೆ ಕೆಲಸಕ್ಕೆ ಬರುವುದಿಲ್ಲ. ಚಳಿಗಾಲದ ಟೈರಿನ ರಬ್ಬರು ಕೊರೆಯುವ ಚಳಿಯಲ್ಲೂ ಮೆತ್ತಗೇ ಇದ್ದು ರಸ್ತೆಯನ್ನು ಹಿಡಿಯುತ್ತದೆ. ಮಾಮೂಲಿ ಟೈರು ಗಟ್ಟಿಯಾಗಿ ಜಾರುತ್ತದೆ. ಅಂಥ ಟೈರಿಗೆ ದುಡ್ಡಿಲ್ಲ ಅಂದು ಆಲ್ ವೀಲ್ ಡ್ರೈವ್‌ಗೆ ಸಹಿ ಹಾಕಿದರೆ ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಅನ್ನದೆ ಇನ್ನೇನು ಅನ್ನೋಣ?

ಇನ್ನು ಟೈರಿನ ಕಥೆ. ಒಂದು ಚಕ್ರಕ್ಕೆ ಮೊಳೆ ಚುಚ್ಚಿತು ಅಂದುಕೊಳ್ಳಿ. ಪಂಕ್ಚರ್ ಹಾಕಿಸಿಯೂ ಉಪಯೋಗ ಇಲ್ಲದಂಥ ಕಡೆ ಚುಚ್ಚಿದೆ. ಹಳೇ ಕಾರಾಗಿದ್ದರೆ ಒಂದು ಟೈರು ಬದಲಾಯಿಸಿ ಕಳಿಸುತ್ತಿದ್ದರು. ಇಲ್ಲಿ ಹಾಗಲ್ಲ. ಹೊಸ ಟೈರು ಸವೆದ ಟೈರಿಗಿಂತ ಕೂದಲೆಳೆಯಷ್ಟು ದೊಡ್ಡದು. ಹಾಗಾಗಿ ಸ್ವಲ್ಪ ನಿಧಾನ ಸುತ್ತುತ್ತದೆ. ಶಕ್ತಿ ಹಂಚುವ ಗೇರುಗಳಿಗೆ ಚಕ್ರ ಜಾರುತ್ತಿದೆಯೇನೋ ಅನ್ನುವ ಅನುಮಾನ. ಹಗಲೂ ರಾತ್ರಿ ಆ ಅನುಮಾನದಲ್ಲೇ ಬೆಂದು ಬಿಸಿಯಾಗಿ ಸವೆಯುತ್ತವೆ. ಅದಕ್ಕೇ ನಾಲ್ಕನ್ನೂ ಒಟ್ಟಿಗೆ ಬದಲಾಯಿಸಿ ಅನ್ನುವುದು ಕಾರು ಕಂಪನಿಗಳ ಸಾಮಾನ್ಯ ಸಲಹೆ. ತಪ್ಪು ಒಬ್ಬನದು, ರಿಟೈರ್‌ಮೆಂಟು ನಾಲ್ವರಿಗೆ. ಇನ್ನೊಂದು ದಾರಿಯೂ ಇದೆ. ಹೊಚ್ಚಹೊಸ ಟೈರನ್ನು ಯಂತ್ರಕ್ಕೆ ಕೊಟ್ಟು ಹೆರೆದು ಹಳೆಯವುಗಳ ಮಟ್ಟಕ್ಕೆ ಇಳಿಸುತ್ತಾರೆ. ಸರ್ಕಾರಿ ಕಚೇರಿಗೆ ಹೊಸದಾಗಿ ಸೇರಿದ ಹುಡುಗರಿಗೆ ಇದನ್ನು ಯಂತ್ರವಿಲ್ಲದೆಯೇ ಮಾಡುತ್ತಾರೆ, ಅದು ಬೇರೆ ಮಾತು.

ಪರೀಕ್ಷೆ ಮಾಡದೆ ಕೊಳ್ಳುತ್ತಾರೆ ಅಂತಲ್ಲ. ಮಿಷಿಗನ್ ರಾಜ್ಯ ಪೊಲೀಸರು ಪ್ರತಿ ವರ್ಷ ಹೊಸ ಮಾಡೆಲ್‌ಗಳನ್ನು ಓಡಿಸಿ ನೋಡುತ್ತಾರೆ. ಎಷ್ಟು ಸೆಕೆಂಡಿನಲ್ಲಿ ಗಂಟೆಗೆ 60 ಮೈಲಿ ಮುಟ್ಟುತ್ತದೆ, ಬ್ರೇಕ್ ಹೇಗೆ, ಸೀಟಿನಲ್ಲಿ ಕೂತರೆ ಸ್ವಿಚ್ಚುಗಳು ಕೈಗೆ ಸಿಗುತ್ತವಾ, ಎಲ್ಲ ಬರೆದಿಡುತ್ತಾರೆ. ಗ್ರ್ಯಾಟನ್ ಅನ್ನುವ 2 ಮೈಲಿಯ ರೇಸ್ ಟ್ರ್ಯಾಕಿನಲ್ಲಿ ಸುತ್ತು ಹೊಡೆಸುತ್ತಾರೆ. ಬಹಳ ಶಿಸ್ತಿನ ಪರೀಕ್ಷೆ, ದೇಶದ ಬೇರೆ ಇಲಾಖೆಗಳೂ ಇದರ ಫಲಿತಾಂಶ ನೋಡಿಯೇ ಕೊಳ್ಳುತ್ತವೆ. ಆದರೆ ಇದು ಸಾಮಾನ್ಯವಾಗಿ ನಡೆಯುವುದು ಸೆಪ್ಟೆಂಬರ್ ಹೊತ್ತಿಗೆ. ಮಿಷಿಗನ್ನಿನಲ್ಲಿ ಬೇಕಾದಷ್ಟು ಹಿಮ ಬೀಳುತ್ತದೆ. ಪರೀಕ್ಷೆ ಮುಗಿದ ಮೇಲೆ.

ಬೆನ್ನಟ್ಟುವುದಾದರೂ ಇದೆಯಲ್ಲ ಅನ್ನುತ್ತೀರಾ? ಅಲ್ಲೇ ಇರೋದು ಮಜಾ. ಬೆನ್ನಟ್ಟುವಾಗ ದಾರಿಹೋಕರು ಸಾಯುತ್ತಾರೆ ಅಂತ ಎಷ್ಟೋ ನಗರಗಳು ಕಟ್ಟುನಿಟ್ಟಿನ ನಿಯಮ ಮಾಡಿಕೊಂಡಿವೆ. ಮಿಲ್ವಾಕಿ ನಗರ 2010ರಲ್ಲಿ ಬಿಗಿ ಮಾಡಿತು, 2017ರಲ್ಲಿ ಸಡಿಲ ಮಾಡಿತು. ನಿಯಮ ಒಳ್ಳೆಯದೇ. ಆದರೆ ಒಂದು ಕೈಯಲ್ಲಿ ಬೆನ್ನಟ್ಟಬೇಡಿ ಅನ್ನುವ ಸುತ್ತೋಲೆ, ಇನ್ನೊಂದು ಕೈಯಲ್ಲಿ ಬೆನ್ನಟ್ಟಲಿಕ್ಕೆಂದೇ ಸಜ್ಜಾದ ಕಾರಿನ ಕೀಲಿ ಕೊಟ್ಟರೆ ಆ ಪೇದೆ ಏನು ಮಾಡಬೇಕು? ಕೀಲಿ ತಿರುಗಿಸಿ, ಹೀಟರ್ ಹಾಕಿಕೊಂಡು, ಸುತ್ತೋಲೆ ಓದುತ್ತಾನೆ.

ಈ ಗದ್ದಲದಲ್ಲಿ ಒಂದು ಬುದ್ಧಿವಂತ ಕೆಲಸವೂ ನಡೆದುಹೋಯಿತು. ಅದೇ 2020ರ ಮಾಡೆಲ್ ಎಕ್ಸ್‌ಪ್ಲೋರರ್‌ಗೆ ಪೆಟ್ರೋಲ್ ಜೊತೆ ಬ್ಯಾಟರಿಯೂ ಸೇರಿದ ಹೈಬ್ರಿಡ್ ಎಂಜಿನ್ ಬಂತು. ಕಾರು ನಿಂತಿದ್ದಾಗ ರೇಡಿಯೊ, ಲ್ಯಾಪ್‌ಟಾಪ್, ದೀಪಗಳನ್ನು ಬ್ಯಾಟರಿಯೇ ನಡೆಸುತ್ತದೆ. ಎಂಜಿನ್ ಬೇಕಾದಾಗ ಎದ್ದು, ಬ್ಯಾಟರಿ ತುಂಬಿಸಿ, ಮತ್ತೆ ಮಲಗುತ್ತದೆ. ಪೊಲೀಸ್ ಕಾರು ನಿಲ್ಲುವ ಕಾರು ಅಂತ ಕೊನೆಗೂ ಯಾರಿಗೋ ಹೊಳೆದಿದೆ. ನನ್ನ ಊಹೆಯ ಸಮಿತಿಗೆ ಮಾತ್ರ ಹೊಳೆದಿಲ್ಲ. ಅವರು ಬ್ರೋಷರಿನಲ್ಲಿ ಹಿಮ ಚಿಮ್ಮಿಸುತ್ತಾ ಹಾರುವ ಕಾರಿನ ಪುಟದಿಂದ ಮುಂದೆ ತಿರುಗಿಸಿಯೇ ಇಲ್ಲ.

ಆ ಸಮಿತಿ ಕೊಂಡ ಕಾರು ಈಗ ಎಲ್ಲಿದೆ? ರಾತ್ರಿ ಎರಡು ಗಂಟೆ, ಮೋರಿಯ ಪಕ್ಕ. ಪೇದೆ ಟಾರ್ಚ್ ಹಿಡಿದು ಒಂದು ಸುತ್ತು ಹಾಕಿ ಬಂದು ರೇಡಿಯೊ ಒತ್ತುತ್ತಾನೆ.

"ಸಾರ್, ಕಾರು ನಿಂತಿದೆ. ಟೈರು ಹೋಯ್ತು."

"ಎಷ್ಟು ಹೋಯ್ತು?"

"ಒಂದೇ ಸಾರ್."

ಆ ಕಡೆಯಿಂದ ಪೆನ್ನಿನ ಕ್ಯಾಪ್ ತೆಗೆದ ಸದ್ದು. "ಸರಿ, ನಾಲ್ಕು ಅಂತ ಬರ್ಕೊಂಡೆ."