ಹೋಸ್ ವಿಚಾರ ಇಷ್ಟು ಹಗುರವಲ್ಲ
ಜೋಡಿ ಎಂಜಿನ್ ದೋಣಿಗಳಲ್ಲಿ ಎಂಜಿನ್ ಎಣ್ಣೆ ಸೋಸುವ ಆಯಿಲ್ ಫಿಲ್ಟರನ್ನು ಕೈಗೆಟಕುವ ಕಡೆಗೆ ಸ್ಥಳಾಂತರಿಸಿ, ಹೋಸ್‌ಗಳ (ಬಾಗುವ ಕೊಳವೆಗಳ) ಮೂಲಕ ಎಂಜಿನ್‌ಗೆ ಜೋಡಿಸಿ ಎಂದು ಲೇಖನವೊಂದರಲ್ಲಿ ಓದಿದೆ. ಲೇಖಕರ ಈ ಸಲಹೆಯನ್ನು ಒಪ್ಪುತ್ತೇನೆ. ಎರಡೂ ಎಂಜಿನ್‌ಗಳ ಫಿಲ್ಟರ್ ಒಂದೇ ಮಗ್ಗುಲಲ್ಲಿದ್ದರೆ, ಒಂದು ನಡುವಿನ ಓಣಿಗೆ ಬರುತ್ತದೆ, ಇನ್ನೊಂದು ದೋಣಿಯ ಗೋಡೆಯತ್ತ ಸಿಕ್ಕಿಕೊಳ್ಳುತ್ತದೆ. ಅದನ್ನು ಬಿಚ್ಚಲು ಹೋಗಿ ಮೊಣಕೈ ಸುಟ್ಟುಕೊಂಡವನು ನಾನು. ಕೆಳಗಿನ ಬಿಲ್ಜ್‌ಗೆ, ಅಂದರೆ ದೋಣಿಯ ಒಳತಳಕ್ಕೆ, ಸುರಿದ ಎಣ್ಣೆ ಒರೆಸಿದ್ದು ಬೇರೆ ಕಥೆ.

ಆದರೆ ಅವರು ಹೋಸ್ ವಿಚಾರವನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದು ಸರಿಯಲ್ಲ. ಅದರೊಳಗೆ ಹರಿಯುವುದು ಒತ್ತಡದಲ್ಲಿರುವ ಬಿಸಿ ಎಣ್ಣೆ. ಹೋಸ್ ಒಡೆದರೆ ಎಣ್ಣೆಯೆಲ್ಲ ಹೊರಚೆಲ್ಲಿ ಎಂಜಿನ್ ಜಾಮ್ ಆಗಲು ಹೆಚ್ಚು ಹೊತ್ತು ಬೇಡ. ಆ ಕೆಲಸಕ್ಕೆಂದೇ ತಯಾರಾದ ಹೋಸ್ ಹಾಕಿ, ಎಲ್ಲಿಯೂ ಉಜ್ಜದಂತೆ ಕಟ್ಟಿ. ಒಳಹರಿವು, ಹೊರಹರಿವು ಅದಲುಬದಲಾಗದಂತೆ ಬಿಚ್ಚುವ ಮೊದಲೇ ಗುರುತು ಹಾಕಿಕೊಳ್ಳಿ. ಹೋಸ್ ತುಂಬಲು ಹೆಚ್ಚುವರಿ ಎಣ್ಣೆಯೂ ಬೇಕು. ಎಂಜಿನ್ ಓಡಿಸಿ ನಿಲ್ಲಿಸಿದ ಮೇಲೆ ಇನ್ನೊಮ್ಮೆ ಮಟ್ಟ ನೋಡಿ.