ಕಿರುಬೆರಳಿಗೆ ಮಾತ್ರ ಜೋಮಿಲ್ಲ

ನಮ್ಮ ಚಿಕ್ಕಮ್ಮನಿಗೆ ಏಳು ತಿಂಗಳು 'ನರದ ವೀಕ್‌ನೆಸ್' ಇತ್ತು. ವಾರಕ್ಕೊಂದು ಬಿ12 ಇಂಜೆಕ್ಷನ್, ಮೇಲೊಂದು ಟಾನಿಕ್. ಆದರೂ ರಾತ್ರಿ ಎರಡು ಗಂಟೆಗೆ ಎದ್ದು ಕೂತು ಜೋಮು ಹಿಡಿದ ಬಲಗೈ ಕೊಡವುವುದು ತಪ್ಪಲಿಲ್ಲ. ಇಷ್ಟು ದಿನದಲ್ಲಿ ಯಾರೂ ಕೇಳದೇ ಇದ್ದದ್ದು ಒಂದೇ ಪ್ರಶ್ನೆ: ಯಾವ ಬೆರಳು?

ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರಬೆರಳಿನ ಅರ್ಧ. ಕಿರುಬೆರಳು ಆರಾಮ. ನರಗಳೇ ವೀಕ್ ಆಗಿದ್ದರೆ ಕಿರುಬೆರಳಿಗೇಕೆ ರಿಯಾಯಿತಿ? ಮಣಿಕಟ್ಟಿನೊಳಗೆ ಮೂಳೆಗೂ ಒಂದು ಗಟ್ಟಿ ಪಟ್ಟಿಗೂ ನಡುವೆ ಇಕ್ಕಟ್ಟಾದ ಓಣಿಯಿದೆ. ಬೆರಳು ಮಡಚುವ ಒಂಬತ್ತು ಸ್ನಾಯುರಜ್ಜುಗಳ ಜೊತೆ, ಆ ಮೂರೂವರೆ ಬೆರಳಿನ ಸುದ್ದಿ ಒಯ್ಯುವ ಮೀಡಿಯನ್ ನರ ಅದರಲ್ಲೇ ನುಸುಳಬೇಕು. ಕಿರುಬೆರಳಿನ ನರದ ದಾರಿ ಬೇರೆ. ದಿನವಿಡೀ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿದು ಸುಲಿದು ಓಣಿಯೊಳಗೆ ಬಾತುಕೊಂಡರೆ ಪೆಟ್ಟು ಬೀಳುವುದು ಅಲ್ಲಿರುವ ಮೆತ್ತನೆಯದಕ್ಕೆ. ನಿದ್ದೆಯಲ್ಲಿ ಮಣಿಕಟ್ಟು ಮಡಚಿದರಂತೂ ಒತ್ತಡ ಇನ್ನೂ ಏರುತ್ತದೆ.

ಒತ್ತಿದರೆ ನರ ಯಾಕೆ ಮೂಕವಾಗುತ್ತದೆ? ಪಂಕ್ತಿಯಲ್ಲಿ ಚಕ್ಕಳಮಕ್ಕಳ ಕೂತು ಕಾಲು ಜೋಮು ಹಿಡಿದಾಗ 'ರಕ್ತ ಓಡ್ತಿಲ್ಲ' ಅಂತೀವಲ್ಲ, ಅದು ಅರ್ಧ ಸರಿ. ದೊಡ್ಡ ರಕ್ತನಾಳ ಸಾಮಾನ್ಯವಾಗಿ ಓಡುತ್ತಲೇ ಇರುತ್ತದೆ. ಮುಚ್ಚಿಕೊಳ್ಳುವುದು ನರಕ್ಕೇ ಅನ್ನ ಹಾಕುವ ಕೂದಲೆಳೆಯಂಥ ನಾಳಗಳು. ನರದ ಸಂದೇಶವೆಂದರೆ ಸೋಡಿಯಂ, ಪೊಟ್ಯಾಸಿಯಂ ಕಣಗಳ ಒಳಗೆ-ಹೊರಗೆ ಓಡಾಟ. ಅವನ್ನು ತಂತಮ್ಮ ಜಾಗಕ್ಕೆ ವಾಪಸ್ ಕಳಿಸುವ ಪಂಪಿಗೆ ಆಮ್ಲಜನಕ ಬೇಕು. ಅದು ಸಿಗದಿದ್ದರೆ ಸಂದೇಶ ಅಲ್ಲೇ ನಿಂತಿತು. ಮೊದಲು ಹೋಗುವುದು ಸ್ಪರ್ಶ. ಚಿವುಟಿದರೆ ಉರಿ ಮಾತ್ರ ಆಗಲೂ ತಿಳಿಯುತ್ತದೆ. ಎದ್ದ ಮೇಲೆ ಇರುವೆ ಹರಿದಂತಾಗುವುದು, ಚೇತರಿಸಿಕೊಂಡ ನರದ ಎಳೆಗಳು ಯಾರೂ ಮುಟ್ಟದಿದ್ದರೂ ತಾವಾಗಿ ಸುದ್ದಿ ಕಳಿಸುವುದರಿಂದ.

ಅದು ನಿಮಿಷಗಳ ಆಟ. ತಿಂಗಳುಗಟ್ಟಲೆ ಒತ್ತಿದರೆ ಎಳೆಯ ಮೇಲಿನ ಮೈಲಿನ್ ಹೊದಿಕೆಯೇ ಸವೆಯುತ್ತದೆ. ಸೆಕೆಂಡಿಗೆ ಸುಮಾರು 50 ಮೀಟರ್ ಓಡಬೇಕಾದ ಸಂದೇಶ ಚಿಕ್ಕಮ್ಮನ ಮಣಿಕಟ್ಟು ದಾಟುವಾಗ ಕುಂಟುತ್ತಿತ್ತು, ನರದ ಪರೀಕ್ಷೆಯಲ್ಲಿ ಗೊತ್ತಾಯಿತು. ಇನ್ನೂ ಬಿಟ್ಟಿದ್ದರೆ ಎಳೆಯೇ ಸಾಯುತ್ತಿತ್ತು. ಸತ್ತದ್ದು ಮತ್ತೆ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್.

ಬಿ12 ಕೊರತೆ ಸುಳ್ಳಲ್ಲ, ನಮ್ಮಂಥ ಸೊಪ್ಪು-ಸಾರಿನವರಲ್ಲಿ ಸಾಮಾನ್ಯವೇ. ಸಕ್ಕರೆ ಕಾಯಿಲೆಯೂ ನರ ಕೆಡಿಸುತ್ತದೆ. ಆದರೆ ಅವೆಲ್ಲ ಹೆಚ್ಚಾಗಿ ಎರಡೂ ಪಾದಗಳಿಂದ ಶುರುವಾಗುತ್ತವೆ, ಒಂದು ಕೈಯ ಮೂರೂವರೆ ಬೆರಳಿನಿಂದಲ್ಲ. ಕಾಲ ಮೇಲೆ ಕಲ್ಲು ಬಿದ್ದವನಿಗೆ ಟಾನಿಕ್ ಕುಡಿಸುತ್ತ ಕೂರುವುದೇ? ಮೊದಲು ಕಲ್ಲು ಎತ್ತಿ ಮಾರಾಯ್ರೆ!

ಚಿಕ್ಕಮ್ಮ ಈಗ ಮಣಿಕಟ್ಟು ನೆಟ್ಟಗಿರುವ ಹಾಗೆ ಪಟ್ಟಿ ಕಟ್ಟಿ ಮಲಗುತ್ತಾಳೆ. ಸುಲಿತಕ್ಕೆ ಮಷಿನ್ ಬಂದಿದೆ. ಮೊನ್ನೆ ಫೋನು: "ಪಕ್ಕದ್ಮನೆ ಅಕ್ಕಂಗೂ ಜೋಮಂತೆ ಕಣೋ. ಯಾವ ಬೆರಳು ಅಂತ ನಾನೇ ಕೇಳ್ದೆ. ಕಿರುಬೆರಳಂತೆ. ಅದು ಯಾವ ಓಣಿ?"

"ಹೆಚ್ಚಾಗಿ ಮೊಣಕೈದು ಚಿಕ್ಕಮ್ಮ. ಬಾಗಿಲಿಗೆ ತಾಗಿದ್ರೆ ಕರೆಂಟ್ ಹೊಡೆದಂಗಾಗತ್ತಲ್ಲ, ಅಲ್ಲಿ."