ಫರ್ನೇಸಿನ ಮೇಲೆ ಗೂಬೆ

ಸೆರಾಮಿಕ್ಸ್ ಲ್ಯಾಬಿನ ರೆಕಾರ್ಡ್ ಪುಸ್ತಕಗಳನ್ನು ನಂಬುವುದಾದರೆ, ಎಂಜಿನಿಯರಿಂಗ್ ವಿದ್ಯಾರ್ಥಿಗಳು ತಪ್ಪೇ ಮಾಡುವುದಿಲ್ಲ. ಮಾದರಿ ಸೀಳಿದರೆ ಫರ್ನೇಸ್ ಸರಿಯಿಲ್ಲ, ಸೊಟ್ಟಗಾದರೆ ಫರ್ನೇಸ್ ಸರಿಯಿಲ್ಲ, ಅಳತೆ ಕೆಟ್ಟರೂ ಫರ್ನೇಸೇ ಸರಿಯಿಲ್ಲ. ಅದೋ, ಬಾಯಿಲ್ಲದ್ದು. ಹಿಂದಿನ ದಿನ ಮೇಜಿನ ಮೇಲೆ ನಡೆದ ಪಾಪಗಳನ್ನು ಬಯಲಿಗೆಳೆಯುವುದಷ್ಟೇ ಅದರ ಕೆಲಸ.

ಪಾಪ ಶುರುವಾಗುವುದು ಸ್ಲಿಪ್, ಅಂದರೆ ಅಚ್ಚಿಗೆ ಹೊಯ್ಯುವ ಜೇಡಿ-ನೀರಿನ ಗಂಜಿ, ಕಲಸುವಾಗ. ಒಣ ಜೇಡಿಯ ತೂಕದ ಶೇ. 0.3ರ ಆಸುಪಾಸು ಸೋಡಿಯಂ ಸಿಲಿಕೇಟ್ ಸೇರಿಸಿದರೆ ಕಣಗಳು ಒಂದನ್ನೊಂದು ದೂರ ತಳ್ಳಿ, ಗಟ್ಟಿ ಮುದ್ದೆ ಸರಾಗವಾಗಿ ಹರಿಯುತ್ತದೆ. ನಾಲ್ಕು ಹನಿಗೇ ಇಷ್ಟಾದರೆ ನಲವತ್ತು ಹನಿಗೆ ಎಷ್ಟಾದೀತು ಎಂಬ ಆಸೆ ಹುಟ್ಟುವುದು ಇಲ್ಲೇ. ಅತಿಯಾದರೆ ಅಮೃತವೂ ವಿಷ: ಸೋಡಿಯಂ ಹೆಚ್ಚಾದಂತೆ ಆ ತಳ್ಳಾಟ ಕುಗ್ಗಿ, ಕಣಗಳು ಗುಂಪುಗೂಡಿ, ಸ್ಲಿಪ್ ಮತ್ತೆ ಗಟ್ಟಿಯಾಗುತ್ತದೆ. ಆಗ ಯಾರೋ ಒಬ್ಬ ಬಕೆಟ್ ಎತ್ತಿ ನೀರು ಸುರಿಯುತ್ತಾನೆ. 100 ಮಿಲಿ ಸ್ಲಿಪ್ 175–180 ಗ್ರಾಂ ತೂಗಬೇಕು. ಈ ಪಾಯಸ 150 ತೂಗಿದರೆ ಪುಣ್ಯ. ಒಣಗುವಾಗ ಇದು ಕುಗ್ಗುವುದೂ ಹೆಚ್ಚು, ಬಿರಿಯುವುದೂ ಹೆಚ್ಚು.

ಮುಂದಿನದು ಪ್ಲಾಸ್ಟರ್ ಅಚ್ಚು. ಅದು ಸ್ಲಿಪ್ಪಿನ ನೀರು ಹೀರಿದಂತೆ ಒಳಮೈಗೆ ಜೇಡಿ ಅಂಟಿ ಮಾದರಿಯ ಗೋಡೆ ಕಟ್ಟುತ್ತದೆ. ಗೋಡೆಯ ದಪ್ಪ ಸಮಯದ ವರ್ಗಮೂಲಕ್ಕೆ ತಕ್ಕಂತೆ ಬೆಳೆಯುತ್ತದೆ ಎಂದು ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಪಟಪಟ ಹೇಳುತ್ತಾರೆ. 10 ನಿಮಿಷಕ್ಕೆ 4 ಮಿ.ಮೀ. ಬಂದರೆ 8 ಮಿ.ಮೀ.ಗೆ ಎಷ್ಟು ಹೊತ್ತು? ವೈವಾದಲ್ಲಿ 40 ನಿಮಿಷ, ಲ್ಯಾಬಿನಲ್ಲಿ 20. ಉಳಿದ ಸ್ಲಿಪ್ ಬಗ್ಗಿಸಿದಾಗ ಸಿಗುವುದು ಐದೂವರೆ ಚಿಲ್ಲರೆ. ಒದ್ದೆ ಅಚ್ಚನ್ನು ಬೇಗ ಒಣಗಿಸಲು 100 ಡಿಗ್ರಿ ಓವನ್ನಿಗೆ ತುರುಕುವ ಜಾಣರೂ ಇದ್ದಾರೆ. 50 ಡಿಗ್ರಿಯ ಒಳಗೇ ಒಣಗಿಸಬೇಕು. ಮೀರಿದರೆ ಅಚ್ಚಾಗಿರುವ ಜಿಪ್ಸಮ್ ತನ್ನ ಹರಳಿನೊಳಗಿನ ನೀರನ್ನೂ ಬಿಟ್ಟುಕೊಟ್ಟು, ಅಚ್ಚಿನ ಅಂಚುಗಳು ಉದುರತೊಡಗುತ್ತವೆ.

ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್) ಪುಡಿಯನ್ನು ಡೈ ಎಂಬ ಲೋಹದ ಅಚ್ಚಿನಲ್ಲಿ ಒತ್ತುವವರ ಪಾಡು ಬೇರೆ. ಉದ್ದನೆಯ ಸಿಲಿಂಡರ್ ಮಾಡುವ ಹಂಬಲ ಎಲ್ಲರಿಗೂ. ಡೈ ಗೋಡೆಯ ಘರ್ಷಣೆಯಿಂದ, ಎರಡೂ ಕಡೆಯಿಂದ ಒತ್ತಿದರೂ ನಡುವಿಗೆ ಪೂರ್ತಿ ಒತ್ತಡ ಮುಟ್ಟುವುದಿಲ್ಲ. ಸಡಿಲವಾಗಿ ಉಳಿದ ನಡು ಸುಡುವಾಗ ಹೆಚ್ಚು ಕುಗ್ಗಿ, ಸಿಲಿಂಡರ್ ಒಳಗೆ ಹೋಗಿ ಡಮರು ಹೊರಗೆ ಬರುತ್ತದೆ. ಎತ್ತರ ಕಡಿಮೆ ಮಾಡಿ, ಗೋಡೆಗೆ ಜಾರಲೆಂದು ಒಂದಿಷ್ಟು ಸ್ಟಿಯರಿಕ್ ಆಮ್ಲ ಸವರಿದ್ದರೆ ಸಾಕಿತ್ತು. ಒತ್ತಡವನ್ನು ದಡಕ್ಕನೆ ಬಿಟ್ಟವರಿಗಂತೂ ಫರ್ನೇಸಿನ ತನಕ ಕಾಯುವ ಕಷ್ಟವೂ ಇಲ್ಲ. ಮಾದರಿ ಹಿಗ್ಗಿ, ತಲೆ ಮುಚ್ಚಳದಂತೆ ಕಳಚಿ ಕೈಗೆ ಬರುತ್ತದೆ.

ಪುಡಿ ಅಂಟಿಕೊಳ್ಳಲೆಂದು ಬೈಂಡರಾಗಿ ಹಾಕಿದ ಪಿವಿಎ (ಪಾಲಿವಿನೈಲ್ ಆಲ್ಕೋಹಾಲ್) ಸುಟ್ಟು ಹೋಗಲು 500 ಡಿಗ್ರಿಯವರೆಗೆ ನಿಮಿಷಕ್ಕೊಂದು ಡಿಗ್ರಿಯಂತೆ ಏರಿಸಿದರೆ ಕ್ಷೇಮ. ಅಂದರೆ ಎಂಟು ಗಂಟೆ. ಬಸ್ಸಿಗೆ ಹೊತ್ತಾದವರು ನಿಮಿಷಕ್ಕೆ ಹತ್ತು ಡಿಗ್ರಿ ಇಟ್ಟು ಹೋಗುತ್ತಾರೆ. ಒಳಗಿನ ಅನಿಲಕ್ಕೆ ದಾರಿ ಸಿಗದೆ ಮಾದರಿ ಉಬ್ಬುತ್ತದೆ.

ಕೊನೆಗೆ ಉಳಿದದ್ದು ಲೆಕ್ಕ. ಸುಟ್ಟಾಗ ಶೇ. 15 ಕುಗ್ಗುವ ವಸ್ತು, ಬೇಕಾದದ್ದು 20 ಮಿ.ಮೀ. ತರಗತಿಯ ಮುಕ್ಕಾಲು ಪಾಲು 20ಕ್ಕೆ ಶೇ. 15 ಕೂಡಿಸಿ 23ರ ಡೈ ಮಾಡಿಸುತ್ತದೆ, 19.55 ಪಡೆಯುತ್ತದೆ. 20ನ್ನು 0.85ರಿಂದ ಭಾಗಿಸಿದ್ದರೆ 23.53 ಸಿಗುತ್ತಿತ್ತು. “ಅರ್ಧ ಮಿಲಿಮೀಟರ್ ತಾನೇ ಸಾರ್, ಉಜ್ಜಿದರಾಯ್ತು” ಅನ್ನುತ್ತಾರೆ. ಸುಟ್ಟ ಅಲ್ಯೂಮಿನಾ ಉಜ್ಜಲು ವಜ್ರದ ಚಕ್ರ ಬೇಕು, ಅದು ಲ್ಯಾಬಿನಲ್ಲಿದೆ. ಚಿಕ್ಕದನ್ನು ಉಜ್ಜಿ ದೊಡ್ಡದು ಮಾಡುವ ಚಕ್ರ ಮಾತ್ರ ಇನ್ನೂ ಬಂದಿಲ್ಲ.